ಇನ್ನೂ ಇಪ್ಪತ್ತು ಡಾಲರ್ ಬಾಕಿ ಇದೆ ಸ್ವಾಮಿ

2002ರ ಜುಲೈನಲ್ಲಿ ನ್ಯೂಯಾರ್ಕಿನ ಹರಾಜೊಂದರಲ್ಲಿ ಒಂದೇ ಒಂದು ನಾಣ್ಯ ಮಾರಾಟಕ್ಕಿತ್ತು. 1933ರ ಡಬಲ್ ಈಗಲ್. ಚಿನ್ನದ್ದು, ಮುಖಬೆಲೆ 20 ಡಾಲರ್. ಕೊಂಡವರು ಕಟ್ಟಿದ ಬಿಲ್ 75,90,020 ಡಾಲರ್. ಕೊನೆಯ ಆ ಇಪ್ಪತ್ತನ್ನು ನೋಡಿ. ಅದು ಕಮಿಷನ್ ಅಲ್ಲ, ಟಿಪ್ಸೂ ಅಲ್ಲ. ಅಮೆರಿಕ ಸರ್ಕಾರ 1933ರಲ್ಲಿ ಈ ನಾಣ್ಯಗಳನ್ನು ಅಚ್ಚು ಹಾಕಿಸಿತ್ತು, ಆದರೆ ಚಲಾವಣೆಗೆ ಬಿಡದೆ ಕರಗಿಸಲು ಹೇಳಿತು. ಕೆಲವು ಹೇಗೋ ಕಣ್ತಪ್ಪಿಸಿ ಹೊರಬಿದ್ದವು. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಇದಿನ್ನೂ ದುಡ್ಡೇ ಆಗಿರಲಿಲ್ಲ. ದುಡ್ಡಾಗಬೇಕಾದರೆ ಖಜಾನೆಗೆ ಅದರ ಮುಖಬೆಲೆ ಸಂದಾಯವಾಗಬೇಕು. ಎಪ್ಪತ್ತೈದು ಲಕ್ಷದ ಮೇಲೆ ಎಣಿಸಿ ಮುಗಿಸಿದವರಿಗೆ ಸರ್ಕಾರ, 'ಸ್ವಾಮಿ, ಇನ್ನೂ ಇಪ್ಪತ್ತು ಬಾಕಿ ಇದೆ' ಅಂತ ಕೈಚಾಚಿದ ಹಾಗಾಯಿತು.

ಇಡೀ ಬಿಲ್ಲಿನಲ್ಲಿ ನನಗೆ ಅರ್ಥವಾದ ಮೊತ್ತ ಆ ಇಪ್ಪತ್ತೇ.

ಈಜಿಪ್ಟಿನ ದೊರೆ ಫಾರೂಕನ ಬಳಿ ಇದ್ದದ್ದು ಇದೇ ನಾಣ್ಯ ಅಂತ ನಂಬಿಕೆ. 2002ರಲ್ಲಿ ಗುಟ್ಟಾಗಿ ಕೊಂಡವರು ಬೂಟು ವಿನ್ಯಾಸಗಾರ ಸ್ಟುವರ್ಟ್ ವೈಟ್ಸ್‌ಮನ್. 2021ರಲ್ಲಿ ಅವರು ಮಾರಿದಾಗ ಸಿಕ್ಕಿದ ಬೆಲೆ ಸುಮಾರು 1 ಕೋಟಿ 89 ಲಕ್ಷ ಡಾಲರ್. ಕೊಂಡವರು ಹೆಸರು ಹೇಳಲಿಲ್ಲ. ದೊರೆಯಿಂದ ಬೂಟಿನವರಿಗೆ, ಬೂಟಿನವರಿಂದ ಹೆಸರಿಲ್ಲದವರಿಗೆ. ಇಷ್ಟು ತಿರುಗಿದರೂ ಈ ದುಡ್ಡು ಇವತ್ತಿನವರೆಗೆ ಒಂದು ಪೆನ್ಸಿಲನ್ನೂ ಕೊಂಡಿಲ್ಲ!

ದುಡ್ಡೇ ದೊಡ್ಡಪ್ಪ, ವಿದ್ಯೆ ಅವರಪ್ಪ ಅಂತಾರಲ್ಲ, ನಾಣ್ಯ ಸಂಗ್ರಹದ ಮನೆಯಲ್ಲಿ ಈಗ ದೊಡ್ಡಪ್ಪನದೇ ದರ್ಬಾರು. ಅವರಪ್ಪ ಭೂತಗನ್ನಡಿ ಹಿಡಿದು ಮೂಲೆಯಲ್ಲಿ ಕೂತಿದ್ದಾನೆ. ಪಾಪ, ಅವನಿಗೆ ನಾಣ್ಯ ನೋಡುವ ಚಟ. ಕೋಟಿವೀರರಿಗೆ ಆ ತೊಂದರೆ ಇಲ್ಲ. ನೋಡುವ ಕೆಲಸಕ್ಕೆ ಕಂಪನಿಗಳಿವೆ. ಅವು ನಾಣ್ಯಕ್ಕೆ 70ರಲ್ಲಿ ಇಷ್ಟು ಅಂತ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತವೆ. ಸಾಹುಕಾರರು ಓದುವುದು ಡಬ್ಬಿಯ ಚೀಟಿ ಮಾತ್ರ. ಒಳಗೆ ಅಂಗಿಯ ಗುಂಡಿ ಇಟ್ಟು 70 ಅಂತ ಬರೆದರೂ ಹರಾಜಿನಲ್ಲಿ ನಾಲ್ಕು ಕೈ ಮೇಲೇಳುತ್ತವೇನೋ!

ಈ 70ರ ಕಥೆಯೂ ಚೆನ್ನಾಗಿದೆ. ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗೆ ಬೆಲೆ ಕಟ್ಟಲು ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ತಂದ ಅಳತೆಗೋಲು ಅದು. 70 ಅಂಕದ್ದು 1 ಅಂಕದ್ದಕ್ಕಿಂತ ಎಪ್ಪತ್ತು ಪಟ್ಟು ಬಾಳುತ್ತದೆ ಅನ್ನುವುದು ಮೂಲ ಲೆಕ್ಕ. ಸರಳ ಮಗ್ಗಿ. ಈಗ 69ಕ್ಕೂ 70ಕ್ಕೂ ನಡುವೆಯೇ ಅಷ್ಟು ದೊಡ್ಡ ಕಂದಕ. 1963ರ ಒಂದು ಸೆಂಟ್ ನಾಣ್ಯ, ಸಂಗ್ರಹಕಾರರಿಗೆಂದೇ 30 ಲಕ್ಷಕ್ಕೂ ಹೆಚ್ಚು ಅಚ್ಚು ಹಾಕಿದ್ದು, 70 ಅಂಕ ಪಡೆದ ತಪ್ಪಿಗೆ 39 ಸಾವಿರ ಡಾಲರ್ ದಾಟಿತು. ಯಾಕೆ ಅಂದಿರಾ? 'ರಿಜಿಸ್ಟ್ರಿ' ಅಂತ ಒಂದು ಪಟ್ಟಿ ಇದೆ. ಯಾರ ಸೆಟ್ಟಿಗೆ ಅಂಕ ಜಾಸ್ತಿಯೋ ಅವರ ಹೆಸರು ಮೇಲೆ. ಮೊದಲನೇ ರ‍್ಯಾಂಕಿಗೆ ಅರ್ಧ ಅಂಕ ಕಮ್ಮಿ ಬಿದ್ದರೆ ನಿದ್ದೆ ಬರಲ್ಲ.

ಅಂಕ ಕಮ್ಮಿ ಬಂತಾ? ಡಬ್ಬಿ ಒಡೆದು ಮತ್ತೆ ಕಳಿಸುತ್ತಾರೆ. ಮರುಮೌಲ್ಯಮಾಪನ! ನಾಣ್ಯ ಅದೇ, ಶುಲ್ಕ ಹೊಸದು. ಮೇಷ್ಟ್ರು ಸರಿಯಾಗಿ ಅಂಕ ಕೊಟ್ಟಿದ್ದಾರಾ ಅಂತ ನೋಡಿ ಡಬ್ಬಿಯ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸುವ ಇನ್ನೊಬ್ಬ ಮೇಷ್ಟ್ರೂ 2007ರಿಂದ ಇದ್ದಾರೆ. ಆ ಸ್ಟಿಕ್ಕರಿಗೂ ಬೆಲೆ ಇದೆ. ಸ್ಟಿಕ್ಕರ್ ಸರಿಯಾಗಿ ಅಂಟಿದೆಯಾ ಅಂತ ನೋಡುವ ಮೂರನೆಯವರು ಇನ್ನೂ ಬಂದಿಲ್ಲ. ಬರುತ್ತಾರೆ.

ಚೀಟಿಯ ಮೇಲಿನ ಭಕ್ತಿಗೆ ಬ್ರೂಟಸನ ಚಿನ್ನದ ನಾಣ್ಯಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಸೀಸರನನ್ನು ಕೊಂದದ್ದನ್ನು ಮೆರೆಸಲು ಹೊಡೆಸಿದ್ದು. ಒಂದು ಕಡೆ ಅವನ ಮುಖ, ಇನ್ನೊಂದು ಕಡೆ ಎರಡು ಕಠಾರಿ. 2020ರಲ್ಲಿ ಲಂಡನ್ನಿನಲ್ಲಿ 32 ಲಕ್ಷ ಪೌಂಡ್ ದಾಟಿ ಹೋಯಿತು. ನಾಣ್ಯ ಅಸಲಿ, ಆದರೆ ಹಿಂದಿನ ಮಾಲೀಕರ ವಂಶಾವಳಿ ಹೇಳುವ ಕಾಗದ ನಕಲಿ ಅಂತ ಆಮೇಲೆ ಗೊತ್ತಾಯಿತು. 2023ರಲ್ಲಿ ನಾಣ್ಯ ಗ್ರೀಸಿಗೆ ವಾಪಸ್. ಕಠಾರಿ ಎಚ್ಚರಿಕೆ ಕೊಟ್ಟೇ ಇತ್ತು. ಯಾರೂ ನಾಣ್ಯ ನೋಡಲಿಲ್ಲ.

ಇವರೆಲ್ಲ ಮೇಲ್ಮಹಡಿಯಲ್ಲಿ ಆಡಿಕೊಂಡರೆ ನಮಗೇನು ಅನ್ನಬಹುದು. ಅಲ್ಲೊಂದು ದಾಖಲೆ ಬಿದ್ದರೆ ಕೆಳಗೆ ಎಲ್ಲರ ಹಳೆಯ ಡಬ್ಬಿಗಳಲ್ಲೂ ನಿಧಿ ಹುಟ್ಟುತ್ತದೆ. ನನ್ನ ಆಲ್ಬಮ್ಮಿನಲ್ಲಿ ನಾಣ್ಯ ಕೂರಿಸುವ ಒಂದು ಗುಂಡಿ ಆರು ವರ್ಷದಿಂದ ಖಾಲಿ. ಅದಕ್ಕೆ ಬೇಕಾದ ಸವಕಲು ನಾಣ್ಯ ಕೊನೆಗೂ ಸಿಕ್ಕಿತು ಅಂದುಕೊಂಡಾಗ ಮಾರುವವನು ಕೇಳಿದ್ದು ಹೋದ ವರ್ಷದ ನಾಲ್ಕು ಪಟ್ಟು. 'ಸುದ್ದಿ ನೋಡಿಲ್ವಾ? ಹರಾಜಿನಲ್ಲಿ ಎಷ್ಟಾಯ್ತು ಗೊತ್ತಾ?' ಅಂದ. ಹರಾಜಾದದ್ದು ಬೇರೆ ನಾಣ್ಯ, ಬೇರೆ ಲೋಹ, ಬೇರೆ ಶತಮಾನ. ಅದೂ ಗುಂಡಗಿತ್ತು, ಇದೂ ಗುಂಡಗಿದೆ, ಅಷ್ಟೇ ಸಂಬಂಧ. ಆ ಗುಂಡಿ ಇನ್ನೂ ಖಾಲಿಯೇ ಇದೆ.

ಅದರ ಪಕ್ಕದ ಗುಂಡಿಯಿಂದ ಒಂದು ತಾಮ್ರದ ಕಾಸು ತೆಗೆದೆ. ರಾಜನ ಮುಖ ಸವೆದು ಕಿವಿಯೊಂದೇ ಉಳಿದಿದೆ. ಮೇಲ್ಗಡೆ ಸಣ್ಣ ತೂತು. ಯಾರೋ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಿರಬೇಕು. ತೂತಿನ ಅಂಚು ನುಣ್ಣಗಾಗಿದೆ, ಅಷ್ಟು ವರ್ಷ ದಾರ ಉಜ್ಜಿದೆ. ಡಬ್ಬಿಯಲ್ಲಿ ಮುಚ್ಚಿಸೋಣ ಅಂದರೆ ಶುಲ್ಕವೇ ಕಾಸಿಗಿಂತ ಜಾಸ್ತಿ. ದೀಪದ ಕೆಳಗೆ ಓರೆ ಮಾಡಿ, ಆ ಕಿವಿಯನ್ನು ಹೆಬ್ಬೆರಳಿನಿಂದ ಸುಮ್ನೆ ಒಮ್ಮೆ ಸವರಿದೆ. ಎಷ್ಟು ಅಂಕ ಹೋಯಿತೋ.