ಐದು ಅಂಕದ ಪರಿಸರ

ಪರಿಸರದ ಬಗ್ಗೆ ಮಾತನಾಡುವುದಕ್ಕೂ ನಮ್ಮ ದೇಶದಲ್ಲಿ ಒಂದು ದರಪಟ್ಟಿ ಇದೆಯೆಂಬುದು ಬಹಳ ಮಂದಿಗೆ ತಿಳಿದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ಪ್ರಕಾರ ಅಧ್ಯಾಪಕರೊಬ್ಬರು ವಿದೇಶಕ್ಕೆ ಹೋಗಿ ಪ್ರಬಂಧ ಮಂಡಿಸಿದರೆ ಬಡ್ತಿಯ ಲೆಕ್ಕಕ್ಕೆ 7 ಅಂಕ, ದೇಶದೊಳಗಿನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿದರೆ 5, ರಾಷ್ಟ್ರೀಯ ಸಮ್ಮೇಳನವಾದರೆ 3, ರಾಜ್ಯ ಮಟ್ಟದ್ದಾದರೆ 2. ಪಂಚಾಯತ್ ಮಟ್ಟಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ. ಇದನ್ನು ಓದಿದ ಮೇಲೆ, ಗಡಿನಾಡಿನ ಕಾಲೇಜೊಂದು ಸುಸ್ಥಿರ ಪರಿಸರದ ಕುರಿತ ತನ್ನ ವಿದ್ಯಾರ್ಥಿ ಸಮ್ಮೇಳನವನ್ನು ‘ಅಂತಾರಾಷ್ಟ್ರೀಯ’ವೆಂದು ಏಕೆ ಕರೆದುಕೊಂಡಿತೆಂಬ ಸಂಶಯ ಉಳಿಯುವುದಿಲ್ಲ. ಪ್ರಬಂಧ ಬರೆಯುವವರು ವಿದ್ಯಾರ್ಥಿಗಳೇ ಆದರೂ ಮಾರ್ಗದರ್ಶಕರ ಹೆಸರು ಜೊತೆಗಿದ್ದೇ ಇರುತ್ತದೆ. ಐದು ಸಿಗುವಲ್ಲಿ ಮೂರು ಸಾಕೆನ್ನುವ ವೈರಾಗ್ಯ ಯಾವ ಮಾರ್ಗದರ್ಶಕರಿಗಿದೆ?

ಅಂತಾರಾಷ್ಟ್ರೀಯವಾಗಬೇಕಾದರೆ ವಿದೇಶದವರೊಬ್ಬರಾದರೂ ಬೇಕು. ಕಾಸರಗೋಡಿನಲ್ಲಿ ಅದು ಕಷ್ಟದ ಕೆಲಸವಲ್ಲ. ಶಾರ್ಜಾದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹಳೆ ವಿದ್ಯಾರ್ಥಿಯೊಬ್ಬರು ತೆರೆಯ ಮೇಲೆ ಮೂಡಿ, ಮರಳುಗಾಡಿನಲ್ಲಿ ಸೆಖೆ ಹೆಚ್ಚುತ್ತಿದೆಯೆಂಬ ಆತಂಕವನ್ನು ಹಂಚಿಕೊಂಡರು. ಅವರ ಹೆಸರಿನ ಮುಂದೆ ‘ಯುಎಇ’ ಎಂದು ಅಚ್ಚಾಗಿದ್ದ ಆಮಂತ್ರಣ ಪತ್ರಿಕೆಯಲ್ಲಿ ಅವರ ಮನೆ ಉಪ್ಪಳದಲ್ಲಿದೆಯೆಂಬ ಅನಗತ್ಯ ವಿವರವನ್ನು ಕೈಬಿಡಲಾಗಿತ್ತು. ಊಟಕ್ಕೆ ಅಡಿಕೆ ಹಾಳೆಯ ತಟ್ಟೆಗಳಿದ್ದವು. ತೋಟದಲ್ಲಿ ತಾನಾಗಿ ಕಳಚಿಬಿದ್ದ ಹಾಳೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಬಿಗಿಯಾಗಿ ಕೂತು ಬಂದದ್ದನ್ನು ಕಂಡವರು ಪರಿಸರಸ್ನೇಹದ ಸ್ವಚ್ಛತೆಯನ್ನು ಮೆಚ್ಚಿಕೊಂಡರು.

ಆದರೆ ಸಮ್ಮೇಳನದ ನಿಜವಾದ ಪಾಂಡಿತ್ಯ ಪ್ರಕಟವಾದದ್ದು ಪ್ರಬಂಧಗಳ ಆಯ್ಕೆಯಲ್ಲಿ. ಎಣ್ಮಕಜೆ ಪಂಚಾಯತಿನ ಪಡ್ರೆಯ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಬರೆದಿದ್ದಳು. ಕೇರಳ ಸರಕಾರದ ಸ್ವಾಮ್ಯದ ತೋಟಗಾರಿಕಾ ನಿಗಮವು ಅಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಈ ವಿಷವನ್ನು ಸುರಿಸಿದ್ದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿದ್ದು, 2022ರಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3704 ಮಂದಿಯಲ್ಲಿ 8 ಮಂದಿಗಷ್ಟೇ ಹಣ ಸಂದಿದೆಯೆಂದು ತಿಳಿದುಬಂದದ್ದು, ಇವೆಲ್ಲ ಅದರಲ್ಲಿದ್ದವು. ಪರಿಶೀಲನಾ ಸಮಿತಿ ಪ್ರಬಂಧವನ್ನು ಹಿಂದಿರುಗಿಸಿತು. ವಿಷಯ ತೀರಾ ಸ್ಥಳೀಯವಾಗಿದೆ, ಜಾಗತಿಕ ಪ್ರಸ್ತುತತೆಯಿಲ್ಲ, ಮೇಲಾಗಿ ಲೇಖಕಿಗೆ ವಿಷಯದೊಂದಿಗೆ ಅತಿಯಾದ ಸಾಮೀಪ್ಯವಿದೆ ಎಂಬುದು ಅಭಿಪ್ರಾಯ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹಳೆಯದಾಯಿತು. ಹಿತ್ತಲಿಗೆ ಬಿದ್ದ ವಿಷ ವಿಷವೂ ಅಲ್ಲವೆಂಬುದು ಉನ್ನತ ಶಿಕ್ಷಣದ ಸೇರ್ಪಡೆ.

ಹುಡುಗಿ ಚುರುಕಿನವಳು. ಎಂಡೋಸಲ್ಫಾನ್ ಗಾಳಿಯಲ್ಲಿ ಬಹುದೂರ ಸಾಗಿ ಆರ್ಕ್ಟಿಕ್ ಪ್ರದೇಶದಲ್ಲೂ ಪತ್ತೆಯಾಗಿದೆ. 2011ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಅದನ್ನು, ಬಹುಕಾಲ ಉಳಿಯುವ ವಿಷಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸುವಾಗ ಈ ದೂರಪ್ರಯಾಣವೂ ಒಂದು ಮುಖ್ಯ ಆಧಾರವಾಗಿತ್ತು. ಅವಳು ಪಡ್ರೆಯ ಪುಟಗಳನ್ನು ತೆಗೆದು, ಧ್ರುವಪ್ರದೇಶದ ಹಿಮದಲ್ಲಿ ಕೀಟನಾಶಕದ ಅಂಶ ಎಂದು ತಲೆಬರಹ ಬದಲಿಸಿ ಮತ್ತೆ ಸಲ್ಲಿಸಿದಳು. ಪ್ರಬಂಧ ಸ್ವೀಕೃತವಾದದ್ದಷ್ಟೇ ಅಲ್ಲ, ಅತ್ಯುತ್ತಮವೆಂಬ ಪ್ರಶಸ್ತಿಯನ್ನೂ ಪಡೆಯಿತು. ಮನುಷ್ಯರ ತಲೆಯ ಮೇಲೆ ಬೀಳುತ್ತಿದ್ದಷ್ಟು ಕಾಲ ಸ್ಥಳೀಯವಾಗಿದ್ದ ವಿಷ ಹಿಮಕರಡಿಯ ನೆಲವನ್ನು ಮುಟ್ಟಿದೊಡನೆ ಜಾಗತಿಕವಾಯಿತು. ಹಿಮಕರಡಿಗಳ ಸಂಕಟಕ್ಕೆ ಸಭೆಯಲ್ಲಿ ನಿಟ್ಟುಸಿರು ಕೇಳಿಬಂತು. ಪ್ರಶಸ್ತಿ ಕೊಟ್ಟವರು, ನೀನು ಆರ್ಕ್ಟಿಕ್ ಕಡೆಗೆ ಹೋಗಿದ್ದೆಯೇನಮ್ಮಾ ಎಂದು ವಿಚಾರಿಸಿದರಂತೆ. ಮನೆ ಎಲ್ಲಿ ಎಂದು ಕೇಳುವಷ್ಟು ಸಮಯ ಅವರಿಗಿರಲಿಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ನೀರಿನ ಸರದಿ. ಬೆಂಗಳೂರಿನಿಂದ ವಿಮಾನದಲ್ಲಿ ಮಂಗಳೂರಿಗೂ ಅಲ್ಲಿಂದ ಏಸಿ ಕಾರಿನಲ್ಲಿ ತಲಪಾಡಿ ದಾಟಿಯೂ ಬಂದಿದ್ದ ಸಂಪನ್ಮೂಲ ವ್ಯಕ್ತಿ, ಇರಾನಿನ ‘ಕನಾತ್’ ಎಂಬ ನೆಲದಡಿಯ ಕಾಲುವೆಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ವಿದ್ಯುತ್ತಿಲ್ಲದೆ, ಪಂಪಿಲ್ಲದೆ, ಇಳಿಜಾರನ್ನಷ್ಟೇ ನಂಬಿ ಹರಿದುಬರುವ ಈ ನೀರಿನ ವ್ಯವಸ್ಥೆಗೆ 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ಕೊಟ್ಟಿದೆಯೆಂದೂ ನಮ್ಮವರಿಗೆ ಇಂತಹ ವಿವೇಕ ಎಂದು ಬಂದೀತೋ ಎಂದೂ ಮರುಗಿದರು. ಕೇಳುತ್ತಿದ್ದವರಲ್ಲಿ ಬಾಯಾರಿನವರಿದ್ದರು, ಪೆರ್ಲದವರಿದ್ದರು. ಮುರಕಲ್ಲಿನ ಗುಡ್ಡಕ್ಕೆ ಮನುಷ್ಯನೊಬ್ಬ ತೂರುವಷ್ಟೇ ಅಗಲವಾಗಿ ಅಡ್ಡಕ್ಕೆ ಕೊರೆದ ಸುರಂಗದ ನೀರನ್ನೇ ಕುಡಿದು, ಅದರಲ್ಲೇ ತೋಟಕ್ಕೆ ಹನಿಸಿ ಬೆಳೆದ ಮನೆಗಳ ಮಕ್ಕಳು ಅವರು. ಒಬ್ಬ ಕೈಯೆತ್ತಿ, ನಮ್ಮ ಮನೆಯಲ್ಲೂ ಅಂಥದೊಂದಿದೆ ಸರ್, ಅಜ್ಜ ತೋಡಿಸಿದ್ದು ಎಂದನು. ಅದು ದಾಖಲಾದ ಅಧ್ಯಯನವೋ ಸ್ವಂತ ಅನುಭವವೋ ಎಂಬ ಪ್ರಶ್ನೆ ವೇದಿಕೆಯಿಂದ ಬಂತು. ಸ್ವಂತ ಅನುಭವವೆಂದು ತಿಳಿದಾಗ, ಅದನ್ನು ಚಹಾ ವಿರಾಮದಲ್ಲಿ ಚರ್ಚಿಸಬಹುದೆಂದು ಅಪ್ಪಣೆಯಾಯಿತು. ಪ್ರತಿನಿಧಿಗಳ ಕ್ಷೇತ್ರ ಭೇಟಿಗೆ ಬಾಯಾರಿನ ಬದಲು ಬೇಕಲ ಕೋಟೆಯನ್ನು ಆರಿಸಿದ್ದರ ಕಾರಣವೂ ಶಾಸ್ತ್ರೀಯವೇ: ಸುರಂಗದೊಳಗೆ ನಿಂತು ಎಲ್ಲರೂ ಒಟ್ಟಿಗೆ ಬರುವಂತಹ ಫೋಟೋ ತೆಗೆಯಲಾಗುವುದಿಲ್ಲ.

ಸಮಾರೋಪದಲ್ಲಿ ನಿರ್ಣಯಗಳನ್ನು ಇಂಗ್ಲಿಷಿನಲ್ಲಿ ಓದಲಾಯಿತು. ಪಾರಂಪರಿಕ ಜ್ಞಾನವನ್ನು ಉಳಿಸಬೇಕು, ಸಂತ್ರಸ್ತ ಸಮುದಾಯಗಳ ದನಿಗೆ ಕಿವಿಗೊಡಬೇಕು ಎಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯವರನ್ನು ಒತ್ತಾಯಿಸುವ ನಿರ್ಣಯಕ್ಕೆ ಚಪ್ಪಾಳೆ ಬಿತ್ತು. ಇದರದೊಂದು ಪ್ರತಿಯನ್ನು ಎಣ್ಮಕಜೆ ಪಂಚಾಯತಿಗೂ ಕೊಡೋಣವೇ, ದಾರಿಯಲ್ಲೇ ಸಿಗುತ್ತದೆ ಎಂದು ಹಿಂದಿನ ಸಾಲಿನಿಂದ ಸಲಹೆಯೊಂದು ಬಂದಾಗ ಸಂಚಾಲಕರು ಕೊಂಚ ಯೋಚಿಸಿದರು. ಪಂಚಾಯತಿಗೆ ಕೊಡಬೇಕಾದರೆ ಕನ್ನಡದಲ್ಲೋ ಮಲಯಾಳದಲ್ಲೋ ಬರೆಯಬೇಕಾಗುತ್ತದೆ, ಬರೆದರೆ ಅವರು ಓದುವ ಸಂಭವವಿದೆ, ಓದಿದರೆ ಉತ್ತರ ಬರೆದಾರು, ಉತ್ತರ ಬಂದರೆ ಅದನ್ನು ಯಾವ ಕಡತಕ್ಕೆ ಸೇರಿಸುವುದು ಎಂಬ ಬಗ್ಗೆ ಕಾಲೇಜಿನಲ್ಲಿ ಇದುವರೆಗೆ ನಿಯಮವಿಲ್ಲ ಎಂದು ವಿವರಿಸಿ, ಪ್ರಮಾಣಪತ್ರಗಳ ವಿತರಣೆಗೆ ಸಾಲಾಗಿ ಬರುವಂತೆ ಕೇಳಿಕೊಂಡರು.