ನೂರೆಂಟು ಸಾಧ್ಯತೆ, ಮೂರು ದಾಳ

ಮಾರ್ಚ್ ತಿಂಗಳ ಮೂರನೆಯ ವಾರ ಮನೆಯಲ್ಲಿ ನನಗೆ ಯಾರೂ ಕೆಲಸ ಹೇಳುವುದಿಲ್ಲ. ಊಟದ ಮೇಜಿನ ತುಂಬ ಇನ್ನೂರ ಇಪ್ಪತ್ತನಾಲ್ಕು ಕಾರ್ಡು ಹರಡಿಕೊಂಡು ಪೆನ್ಸಿಲ್ ಕಚ್ಚುತ್ತ ಕೂತಿರುತ್ತೇನೆ. ತಟ್ಟೆ ಲೋಟಗಳು ಅಡುಗೆಕಟ್ಟೆಗೆ ಗಡೀಪಾರಾಗಿರುತ್ತವೆ. ಬೆಂಗಳೂರಿನಿಂದ ಅತ್ತೆಯವರ ಫೋನು ಬಂದರೆ ಹೆಂಡತಿ ದನಿ ತಗ್ಗಿಸಿ, “ಪಂಚಾಂಗ ಬರೀತಿದಾರಮ್ಮ, ಆಮೇಲೆ ಮಾತಾಡ್ತಾರೆ” ಅನ್ನುತ್ತಾಳೆ. ಅತ್ತೆಯವರು ಇದನ್ನು ಬಹಳ ವರ್ಷ ನಿಜವೆಂದೇ ನಂಬಿದ್ದರು. ಅಮೆರಿಕಕ್ಕೆ ಹೋದರೂ ಅಳಿಯ ತಿಥಿ ನಕ್ಷತ್ರ ಬಿಟ್ಟಿಲ್ಲ ಅಂತ ಮಲ್ಲೇಶ್ವರದ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

ನಿಜ ಸಂಗತಿ ಇಷ್ಟೇ. ಒಹಾಯೊದ ನಮ್ಮ ಊರಿನಲ್ಲಿ ಎಂಟು ಮಂದಿ ಸೇರಿ ದಾಳದ ಬೇಸ್‌ಬಾಲ್ ಆಡುತ್ತೇವೆ. ಒಬ್ಬರು ದಂತವೈದ್ಯರು, ಒಬ್ಬರು ನಿವೃತ್ತ ಪೋಸ್ಟ್‌ಮನ್, ಒಬ್ಬಾಕೆ ರಸಾಯನಶಾಸ್ತ್ರದ ಮೇಡಂ, ಒಬ್ಬ ಟ್ರಕ್ ಡ್ರೈವರ್, ಹೀಗೆ. ಪ್ರತಿಯೊಬ್ಬರಿಗೂ ಒಂದು ತಂಡ, ತಂಡಕ್ಕೆ 28 ಆಟಗಾರರು. ಒಬ್ಬೊಬ್ಬರೂ ಉಳಿದ ಏಳು ಮಂದಿಯ ಜೊತೆ ಹನ್ನೆರಡು ಹನ್ನೆರಡು ಸಲ ಆಡಬೇಕು, ಒಟ್ಟು 84 ಪಂದ್ಯ. ಆಟ ಶುರುವಾಗುವ ಮುಂಚೆ ಯಾವ ತಂಡ ಎಲ್ಲಿ ನಿಲ್ಲುತ್ತದೆ, ಯಾರಿಗೆ ಶುಕ್ರದೆಸೆ, ಯಾರಿಗೆ ಸಾಡೇಸಾತಿ ಎಂದು ಎಂಟೂ ತಂಡಗಳ ಭವಿಷ್ಯ ಬರೆದು ಓದುವುದು ನನ್ನ ಪಾಲಿಗೆ ಬಂದ ಕೆಲಸ. ಇಂಡಿಯಾದವರಿಗೆ ಲೆಕ್ಕ ಬರುತ್ತದೆ ಎಂದು ಅವರೇ ತೀರ್ಮಾನಿಸಿಕೊಂಡರು. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ತೋರಿಸಿ ಆ ನಂಬಿಕೆ ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಆಟದ ಹೆಸರು ಸ್ಟ್ರಾಟ್-ಒ-ಮ್ಯಾಟಿಕ್. ನ್ಯೂಯಾರ್ಕ್ ಕಡೆಯ ಹಾಲ್ ರಿಚ್‌ಮನ್ ಎಂಬಾತ ಹುಡುಗನಾಗಿದ್ದಾಗಲೇ ಇದನ್ನು ಹೊಸೆಯತೊಡಗಿ, 1961ರಲ್ಲಿ ಮಾರಾಟಕ್ಕಿಟ್ಟ. ಹಿಂದಿನ ವರ್ಷ ನಿಜವಾದ ಮೈದಾನದಲ್ಲಿ ಯಾರು ಹೇಗೆ ಆಡಿದರೋ ಅದನ್ನೆಲ್ಲ ಅರೆದು ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಕಾರ್ಡು ಮಾಡುತ್ತಾರೆ. ಮೂರು ದಾಳ ಉರುಳಿಸಬೇಕು. ಬಿಳಿಯದು ಒಂದರಿಂದ ಮೂರರೊಳಗೆ ಬಿದ್ದರೆ ಬ್ಯಾಟುಗಾರನ ಕಾರ್ಡು ನೋಡಬೇಕು, ನಾಲ್ಕರಿಂದ ಆರಾದರೆ ಚೆಂಡೆಸೆಯುವ ಪಿಚರ್‌ನದು. ಉಳಿದೆರಡು ದಾಳಗಳ ಮೊತ್ತ ಯಾವ ಸಾಲು ಎಂದು ಹೇಳುತ್ತದೆ. ಅಲ್ಲಿ ಹೋಮ್ ರನ್ (ಬೇಸ್‌ಬಾಲಿನ ಸಿಕ್ಸರ್ ಎನ್ನಿ) ಎಂದಿದ್ದರೆ ಹೋಮ್ ರನ್, ಔಟ್ ಎಂದಿದ್ದರೆ ಔಟ್. ಬರೆದಿಟ್ಟದ್ದನ್ನು ಬದಲಿಸುವವರಾರು!

ಈ ಕಾರ್ಡು ಮೊದಲ ಸಲ ಕೈಗೆ ಬಂದಾಗ ನನಗೆ ನೆನಪಾದದ್ದು ಸಮಾಜ ವಿಜ್ಞಾನದ ಪಠ್ಯಪುಸ್ತಕ. ಬುಕ್ ಕ್ರಿಕೆಟ್ ಆಡದ ನನ್ನ ವಯಸ್ಸಿನ ಕನ್ನಡಿಗ ಇದ್ದರೆ ಅವನು ಶಾಲೆಯಲ್ಲಿ ಪಾಠ ಕೇಳುತ್ತಿದ್ದ ಎಂದರ್ಥ. ಪುಸ್ತಕ ಫಕ್ಕನೆ ತೆರೆಯುವುದು, ಎಡಪುಟದ ಕೊನೆಯ ಅಂಕಿ ನೋಡುವುದು. ಎಡಪುಟ ಯಾವತ್ತೂ ಸಮಸಂಖ್ಯೆ. ಎರಡು, ನಾಲ್ಕು, ಆರು ಬಂದರೆ ಅಷ್ಟು ರನ್. ಸೊನ್ನೆಗೆ ಔಟ್. ಎಂಟಕ್ಕೆ ಒಂದೊಂದು ಶಾಲೆಯಲ್ಲಿ ಒಂದೊಂದು ಕಾನೂನು, ನಮ್ಮಲ್ಲಿ ಒಂದು ರನ್. ಗಣಿತದ ಪುಸ್ತಕ ನಡೆಯುತ್ತಿರಲಿಲ್ಲ. ಅದರ ಹೊಲಿಗೆ ಸಡಿಲವಾಗಿ ಎಷ್ಟು ಸಲ ತೆರೆದರೂ ಅದೇ ಪುಟ ಬರುತ್ತಿತ್ತು, ಅದು ಯಾವ ಪುಟ ಎಂದು ಗೊತ್ತಿದ್ದ ಹುಡುಗ ಸತತ ಸೆಂಚುರಿ ಹೊಡೆಯುತ್ತಿದ್ದ.

ಎಷ್ಟೋ ವರ್ಷ ಕಳೆದ ಮೇಲೆ ಒಂದು ದಿನ ಇದೇ ಮೇಜಿನ ಮೇಲೆ ಕೂತು ಲೆಕ್ಕ ಹಾಕಿದೆ. ಐದು ಸಲ ತೆರೆದರೆ ಒಂದು ಸಲ ಸೊನ್ನೆ. ಅಂದರೆ ಔಟಾಗುವ ಮುಂಚೆ ಸರಾಸರಿ ನಾಲ್ಕು ಸಲ ರನ್ ಬರುತ್ತದೆ, ಪ್ರತಿ ಸಲ ಮೂರೂಕಾಲು. ಒಬ್ಬ ಬ್ಯಾಟುಗಾರನಿಗೆ ಹದಿಮೂರು, ತಂಡಕ್ಕೆ ನೂರಮೂವತ್ತು. ಯಾರೇ ಆಡಲಿ, ಹದಿಮೂರೇ. ಗುಂಡಪ್ಪ ವಿಶ್ವನಾಥ್ ಬಂದರೂ ಹದಿಮೂರು, ಬಿ.ಎಸ್. ಚಂದ್ರಶೇಖರ್ ಬಂದರೂ ಹದಿಮೂರು. ಆದರೆ ಟೆಸ್ಟುಗಳಲ್ಲಿ ವಿಶ್ವನಾಥ್ ಹೊಡೆದದ್ದು 6,080 ರನ್. ಚಂದ್ರ ತೆಗೆದ ವಿಕೆಟ್ 242, ಗಳಿಸಿದ ರನ್ 167. ನಮ್ಮ ಪುಸ್ತಕಕ್ಕೆ ಇಬ್ಬರೂ ಒಂದೇ. ಅಂಥ ಸಮಾನತೆಯನ್ನು ಸಮಾಜ ವಿಜ್ಞಾನದ ಒಳಪುಟಗಳಲ್ಲೂ ನಾನು ಓದಲಿಲ್ಲ. ಸ್ಟ್ರಾಟ್-ಒ-ಮ್ಯಾಟಿಕ್ ಕಾರ್ಡು ಮಾತ್ರ ಮುಖ ನೋಡಿ ಮಣೆ ಹಾಕುತ್ತದೆ. ವಿಶಿಗೊಂದು ಕಾರ್ಡು, ಚಂದ್ರನಿಗೊಂದು ಕಾರ್ಡು ಇದ್ದಿದ್ದರೆ ನನ್ನ ಹೈಸ್ಕೂಲು ಇನ್ನೂ ಮುಗಿಯುತ್ತಿರಲಿಲ್ಲವೇನೋ.

ಭವಿಷ್ಯ ಹೇಳಬೇಕಾದರೆ ಮೊದಲು ಕಾರ್ಡು ಎಣಿಸಬೇಕು. ಒಂದು ಕಾರ್ಡಿನಲ್ಲಿ ಬಿಳಿ ದಾಳದ ಅಂಕಿಗೊಂದರಂತೆ ಮೂರು ಕಂಬಸಾಲು, ಒಂದೊಂದರಲ್ಲೂ ಎರಡು ದಾಳ ಬೀಳುವ 36 ಬಗೆ, ಒಟ್ಟು 108. ಈ ಆಟ ಆಡುವವರು ಮಾತಾಡುವುದೇ ಹಾಗೆ: ಇವನು ನೂರೆಂಟಕ್ಕೆ ಎಷ್ಟು ಸಲ ಔಟಾಗದೆ ಬೇಸ್ (ಓಟದ ದಾರಿಯ ನಿಲ್ದಾಣ) ಮುಟ್ಟುತ್ತಾನೆ, ಅವನು ನೂರೆಂಟಕ್ಕೆ ಎಷ್ಟು ಹೋಮ್ ರನ್ ಹೊಡೆಯುತ್ತಾನೆ. ನಾನು ತುಟಿ ಅಲ್ಲಾಡಿಸುತ್ತ, ಹೆಬ್ಬೆರಳಲ್ಲಿ ಗೆಣ್ಣು ಎಣಿಸುತ್ತ ಕೂತಿರುವುದನ್ನು ವಿಡಿಯೊ ಕರೆಯಲ್ಲಿ ಒಮ್ಮೆ ಕಂಡ ಅತ್ತೆಯವರು, ಅಳಿಯ ಅಷ್ಟೋತ್ತರ ಹೇಳುತ್ತಿದ್ದಾನೆಂದು ಕಾಯುತ್ತ ಕೂತಿದ್ದರು. ನಿಜವಾದ ಬೇಸ್‌ಬಾಲ್ ಚೆಂಡಿನ ಮೇಲೆ ಇರುವ ಕೆಂಪು ಜೋಡಿ ಹೊಲಿಗೆಗಳೂ 108 ಎಂದು ಅವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ವೇದಗಳ ಕಾಲದಲ್ಲೇ ಬೇಸ್‌ಬಾಲ್ ಇತ್ತು ಎಂಬಲ್ಲಿಗೆ ಮಾತು ಹೋಗುತ್ತದೆ, ಆ ದಾರಿ ನನಗೆ ಗೊತ್ತು.

ಎಣಿಸಿದ ಮೇಲೆ ಸೂತ್ರ. ಅದನ್ನು ಕೊಟ್ಟವರು ಬಿಲ್ ಜೇಮ್ಸ್. ಕ್ಯಾನ್ಸಸ್‌ನ ಲಾರೆನ್ಸ್ ಊರಲ್ಲಿ ಡಬ್ಬಿಯಲ್ಲಿ ಬೇಯಿಸಿದ ಕಾಳು ತುಂಬುವ ಕಾರ್ಖಾನೆಗೆ ರಾತ್ರಿ ಕಾವಲು ಕಾಯುತ್ತ ಬೇಸ್‌ಬಾಲಿನ ಅಂಕಿಗಳನ್ನು ಜಾಲಾಡಿ, 1977ರಲ್ಲಿ ತಮ್ಮ ಮೊದಲ ಸಂಚಿಕೆಯನ್ನು ತಾವೇ ಅಚ್ಚು ಹಾಕಿಸಿದ ಮನುಷ್ಯ. ಹೊಡೆದ ರನ್ನಿನ ವರ್ಗವನ್ನು, ಹೊಡೆದ ರನ್ನಿನ ವರ್ಗ ಮತ್ತು ಕೊಟ್ಟ ರನ್ನಿನ ವರ್ಗ ಎರಡರ ಮೊತ್ತದಿಂದ ಭಾಗಿಸಿದರೆ ತಂಡ ನೂರಕ್ಕೆ ಎಷ್ಟು ಗೆಲ್ಲಬೇಕೋ ಅದು ಬರುತ್ತದೆ. 800 ಹೊಡೆದು 700 ಕೊಟ್ಟ ತಂಡ 162 ಪಂದ್ಯಗಳ ವರ್ಷದಲ್ಲಿ ಸುಮಾರು 92 ಗೆಲ್ಲಬೇಕು. ಇದನ್ನು ಪೈಥಾಗರಸ್ ಹೆಸರಿನಲ್ಲಿ ಕರೆಯುತ್ತಾರೆ. ನನ್ನ ಕಣ್ಣಿಗೆ ಇದು ಪಂಚಾಂಗದ ಹಿಂಬದಿಯ ಆದಾಯ-ವ್ಯಯದ ಕೋಷ್ಟಕ. ತಾತ ಯುಗಾದಿಯ ಸಂಜೆ ಕನ್ನಡಕ ಏರಿಸಿಕೊಂಡು ಒಂದೊಂದು ರಾಶಿಗೂ ಆದಾಯ ಇಷ್ಟು, ವ್ಯಯ ಇಷ್ಟು ಎಂದು ಓದುತ್ತಿದ್ದರು. ಹನ್ನೆರಡು ರಾಶಿ ಓದಿದರೂ ಕೇಳಿಸಿಕೊಳ್ಳುತ್ತಿದ್ದುದು ಎಲ್ಲರೂ ತಮ್ಮದೊಂದನ್ನೇ.

ನಮ್ಮ ಎಂಟು ಮಂದಿಯೂ ಹಾಗೆಯೇ. ಅಷ್ಟೇ ಅಲ್ಲ, ತಮ್ಮ ತಂಡ ಮೊದಲು ಬರುತ್ತದೆ ಎಂದು ಬರೆದರೆ ಯಾರಿಗೂ ಖುಷಿಯಾಗುವುದಿಲ್ಲ. ದೃಷ್ಟಿಯಾಗುತ್ತದೆ ಎಂಬ ಭಯ ಒಹಾಯೊದಲ್ಲೂ ಉಂಟು. ಎಲ್ಲರಿಗೂ ಬೇಕಾದದ್ದು ಮೂರನೆಯ ಸ್ಥಾನ: ಮರ್ಯಾದೆಗೆ ಮರ್ಯಾದೆ, ಗೆದ್ದರೆ ನಿನ್ನ ಭವಿಷ್ಯ ಸುಳ್ಳಾಯಿತಲ್ಲ ಎಂದು ನನ್ನನ್ನು ಕಿಚಾಯಿಸುವ ಅವಕಾಶ. ಎಂಟು ತಂಡಗಳನ್ನೂ ಮೂರನೆಯ ಸ್ಥಾನದಲ್ಲಿ ಕೂರಿಸುವ ಸೂತ್ರವನ್ನು ಬಿಲ್ ಜೇಮ್ಸ್ ಕೊಟ್ಟಿಲ್ಲ. ಎರಡು ವರ್ಷದ ಹಿಂದೆ ಪೋಸ್ಟ್‌ಮನ್ ಕೊನೆಗೆ ಬರುತ್ತಾರೆ ಎಂದು ಬರೆದಿದ್ದೆ. ಅವರೇ ಗೆದ್ದರು. ನನ್ನ ಆ ಪುಟಕ್ಕೆ ಚೌಕಟ್ಟು ಹಾಕಿಸಿ, ಮನೆಗೆ ಬಂದವರಿಗೆಲ್ಲ ಕಾಣುವ ಹಾಗೆ ಟಾಯ್ಲೆಟ್ಟಿನ ಬಾಗಿಲ ಎದುರು ನೇತುಹಾಕಿದ್ದಾರೆ.

ಇದರಲ್ಲಿ ಒಂದು ವಿಚಿತ್ರವಿದೆ. ನಾನು ಹೇಳುವುದು ಆಗಿಹೋದದ್ದರ ಭವಿಷ್ಯ. 2025ರ ಮಾರ್ಚ್‌ನಲ್ಲಿ ನಮ್ಮ ಮೇಜಿನ ಮೇಲಿದ್ದವು 2024ರ ಕಾರ್ಡುಗಳು. ಆರನ್ ಜಡ್ಜ್ 58 ಹೋಮ್ ರನ್ ಹೊಡೆದಾಗಿದೆ, ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ಎಸೆಯುವುದು, ಹೊಡೆಯುವುದು ಎರಡಕ್ಕೂ ಹೆಸರಾದ ಶೊಹೆಯ್ ಒಟಾನಿ ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಆ ವರ್ಷ ಒಂದು ಚೆಂಡನ್ನೂ ಎಸೆಯಲಿಲ್ಲ. 54 ಹೋಮ್ ರನ್, ಪಿಚರ್‌ನ ಕಣ್ಣು ತಪ್ಪಿಸಿ ಓಡಿ ಕದ್ದ ಬೇಸ್ 59. ಹಾಗಾಗಿ ಟ್ರಕ್ ಡ್ರೈವರ್ ಕೈಯಲ್ಲಿರುವುದು ಅರ್ಧ ಒಟಾನಿ. ಆ ಅರ್ಧವೂ ನಮ್ಮ ಇಡೀ ತಂಡಗಳಿಗಿಂತ ಭಾರ. ದಂತವೈದ್ಯರ ಬಳಿ ಗ್ಯಾರೆಟ್ ಕ್ರೋಷೆ ಇದ್ದಾನೆ. 2024ರಲ್ಲಿ 121 ಪಂದ್ಯ ಸೋತು ಆಧುನಿಕ ಕಾಲದ ಹೊಸ ದಾಖಲೆ ಮಾಡಿದ ಷಿಕಾಗೊ ವೈಟ್ ಸಾಕ್ಸ್‌ನ ಕೆಸರಿನಲ್ಲಿ ನಿಂತು 209 ಮಂದಿಯನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್) ಮಾಡಿದವನು. ಕಾರ್ಡಿಗೆ ಅವನ ತಂಡ ಸೋತದ್ದು ಗೊತ್ತಿಲ್ಲ. ಎಸೆದದ್ದಷ್ಟೇ ಗೊತ್ತು.

ನನ್ನ ಮುಖ್ಯ ಪಿಚರ್ ನ್ಯೂಯಾರ್ಕ್ ಯಾಂಕೀಸ್ ತಂಡದ ಗೆರಿಟ್ ಕೋಲ್. ಅವನಿಗೂ ಮೊಣಕೈ ಶಸ್ತ್ರಚಿಕಿತ್ಸೆ, 2025ರ ಇಡೀ ವರ್ಷ ಆಡುವುದಿಲ್ಲ ಎಂದು ಅದೇ ತಿಂಗಳು ಸುದ್ದಿ ಬಂತು. ನ್ಯೂಯಾರ್ಕಿನವರು ತಲೆಯ ಮೇಲೆ ಕೈ ಹೊತ್ತು ಕೂತರು. ನಮ್ಮ ಊಟದ ಮೇಜಿನಲ್ಲಿ ಕೋಲ್ ಗಟ್ಟಿಮುಟ್ಟಾಗಿದ್ದ. ಹಿಂದಿನ ವರ್ಷ ಅವನು ನಿಜವಾಗಿ ಎಸೆದ 95 ಇನ್ನಿಂಗ್ಸ್ ಮುಗಿಯುವವರೆಗೆ ಅವನನ್ನು ಬಳಸಬಹುದು, ಇದು ನಮ್ಮ ಕಾನೂನು. ಸಕ್ಕರೆ ಡಬ್ಬಿಯಲ್ಲಿ ಇಷ್ಟೇ ಇದೆ ಎಂದು ಗೊತ್ತಿರುವ ಗೃಹಿಣಿಯ ಹಾಗೆ ನಾನು ಅವನನ್ನು ಚಮಚದಲ್ಲಿ ಅಳೆದು ಖರ್ಚು ಮಾಡಬೇಕು.

ಹೀಗೆ ಎಲ್ಲ ತೆರೆದಿಟ್ಟಿದ್ದರೂ, ಗುಟ್ಟೆಂಬುದೇ ಇಲ್ಲದಿದ್ದರೂ ನನ್ನ ಮಾತು ಯಾಕೆ ಸುಳ್ಳಾಗುತ್ತದೆ? ಎರಡೂ ಕಡೆ ಸಮಬಲವಿದ್ದು, ಬರೀ ನಾಣ್ಯ ಚಿಮ್ಮಿ 84 ಪಂದ್ಯ ಆಡಿದರೂ ಗೆಲುವು ನಾಲ್ಕೂವರೆಯಷ್ಟು ಆಚೀಚೆ ಆಗುವುದು ಮಾಮೂಲು. ನನ್ನ ಲೆಕ್ಕದಲ್ಲಿ ಎರಡನೆಯ ತಂಡಕ್ಕೂ ಏಳನೆಯ ತಂಡಕ್ಕೂ ಇರುವ ಅಂತರವೇ ಐದು ಗೆಲುವು. ಅಂದರೆ ನಡುವಿನ ಆರು ಸ್ಥಾನಗಳನ್ನು ಬರೆಯುವುದು ಪೆನ್ಸಿಲ್ ಅಲ್ಲ. ಇದನ್ನು ಒಂದು ವರ್ಷ ಪ್ರಾಮಾಣಿಕವಾಗಿ ಬರೆದೇಬಿಟ್ಟೆ. ಮೇಡಂ ಓದಿ, ಮಾತ್ರೆಯ ಡಬ್ಬಿಯ ಮೇಲಿನ ಎಚ್ಚರಿಕೆಯ ಹಾಗಿದೆ ಎಂದರು. ಅಂದಿನಿಂದ ಜ್ಯೋತಿಷಿಗಳ ಭಾಷೆಗೇ ಮರಳಿದ್ದೇನೆ. “ಪೂರ್ವಾರ್ಧದಲ್ಲಿ ತಿರುಗಾಟ, ಉತ್ತರಾರ್ಧದಲ್ಲಿ ಚೇತರಿಕೆ. ಎಡಗೈ ಪಿಚರ್‌ಗಳಿಂದ ಎಚ್ಚರ.” ಎಲ್ಲರೂ ತೃಪ್ತರು.

ನನ್ನ ತಂಡದ ಬಗ್ಗೆ ಬರೆಯುವುದೇ ಕಷ್ಟ. ಅದಕ್ಕೆ ತೀರ್ಥಹಳ್ಳಿ ಎಂದು ಊರಿನ ಹೆಸರಿಟ್ಟಿದ್ದೆ. ಇಲ್ಲಿನವರ ಬಾಯಲ್ಲಿ ಅದು ಎರಡೇ ವಾರದಲ್ಲಿ ‘ಟರ್ಟಲ್ ಹಾಲಿ’ ಆಯಿತು. ಮೂರನೆಯ ವಾರ ಯಾರೋ ಆಮೆಯ ಚಿತ್ರವಿರುವ ಟೋಪಿ ಹೊಲಿಸಿಕೊಂಡು ಬಂದರು. ತುಂಗೆಯ ದಡದ ಊರಿಗೆ ಆಮೆಯೇನು ಪರಕೀಯವಲ್ಲ ಎಂದು ಸುಮ್ಮನಾದೆ. ವಿಚಿತ್ರವೆಂದರೆ ಆಮೇಲೆ ನಾನು ಆರಿಸುವ ಆಟಗಾರರೂ ಹಾಗೇ ಆಗತೊಡಗಿದರು. ಪೋಸ್ಟ್‌ಮನ್ ಬಳಿ 67 ಬೇಸ್ ಕದ್ದ ಎಲಿ ಡೆ ಲಾ ಕ್ರೂಸ್ ಇದ್ದರೆ, ನನ್ನ ಬಳಿ ಲೂಯಿಸ್ ಅರಾಯೆಸ್. ಓಡುವುದು ಅಷ್ಟಕ್ಕಷ್ಟೆ, 2024ರ ಇಡೀ ವರ್ಷಕ್ಕೆ ನಾಲ್ಕೇ ಹೋಮ್ ರನ್. ಆದರೆ ಸ್ಟ್ರೈಕ್‌ಔಟ್ ಆದದ್ದು ಇಪ್ಪತ್ತೊಂಬತ್ತೇ ಸಲ. ಮೂರು ವರ್ಷ ಸಾಲಾಗಿ ಮೂರು ಬೇರೆ ಬೇರೆ ತಂಡಗಳ ಹೆಸರಲ್ಲಿ ಅತಿ ಹೆಚ್ಚು ಸರಾಸರಿಯ ಬ್ಯಾಟಿಂಗ್ ಕಿರೀಟ. ಬಾರುಕೋಲು ಬೀಸುವವರ ಲೋಕದಲ್ಲಿ ಇವನು ಹೂ ಕೊಯ್ಯುವವನು. ಲೆಕ್ಕದ ಪ್ರಕಾರ ಇಂಥವನಿಗೆ ಅಷ್ಟು ಬೆಲೆ ಕೊಡಬಾರದು. ಕೊಟ್ಟೆ. ವಿಶಿಯ ಸ್ಕ್ವೇರ್ ಕಟ್ ಕಥೆ ಕೇಳಿ ಬೆಳೆದವನಿಗೆ ಮಣಿಕಟ್ಟಿನ ಆಟಗಾರ ಕಂಡರೆ ಗಣಿತ ಮರೆತುಹೋಗುತ್ತದೆ. ‘ಟರ್ಟಲ್ ಹಾಲಿ: ಐದನೆಯ ಸ್ಥಾನ. ಮಧ್ಯಮ ಫಲ’ ಎಂದು ಬರೆದು ಮುಗಿಸಿದೆ.

ಆ ವರ್ಷ ಮಾರ್ಚ್ 30ರ ಭಾನುವಾರ ನಮ್ಮ ಮೊದಲ ಪಂದ್ಯ, ನಮ್ಮದೇ ಮನೆಯಲ್ಲಿ. ಅವತ್ತೇ ಯುಗಾದಿ. ಹೆಂಡತಿ ಎಲ್ಲರ ಕೈಗೂ ಬೇವು-ಬೆಲ್ಲ ಹಾಕಿದಳು. ದಂತವೈದ್ಯರು ಮಾತ್ರ ಕಣ್ಣು ಮುಚ್ಚಿ ಆಸಕ್ತಿಯಿಂದ ಅಗಿದು, ಇದರ ಟೂತ್‌ಪೇಸ್ಟ್ ಗೊತ್ತು ಎಂದರು. ಟ್ರಕ್ ಡ್ರೈವರ್ ಇನ್ನೊಂದು ಚೂರು ಬೆಲ್ಲ ಕೇಳಿದ. ನಾನು ಕನ್ನಡಕ ಏರಿಸಿಕೊಂಡು ಎಂಟೂ ತಂಡಗಳ ಫಲ ಓದಿದೆ. ಮೊದಲ ಸ್ಥಾನ ಪಡೆದ ಮೇಡಂ ಮುಖ ಸಿಂಡರಿಸಿ ಮೇಜಿನ ಮರವನ್ನು ಎರಡು ಸಲ ಕುಟ್ಟಿದರು. ಫೋನಿನಲ್ಲಿ ಅತ್ತೆಯವರೂ ಕೇಳಿಸಿಕೊಳ್ಳುತ್ತಿದ್ದರು ಎಂಬುದು ಆಮೇಲೆ ತಿಳಿಯಿತು.

ಎದುರಾಳಿ ಪೋಸ್ಟ್‌ಮನ್. ಕೋಲ್‌ನ ಕಾರ್ಡನ್ನು ಇಟ್ಟೆ, ಅವರು ಡೆ ಲಾ ಕ್ರೂಸ್‌ನದನ್ನು ಇಟ್ಟರು. ವರ್ಷದ ಮೊದಲ ಎಸೆತ. ಎರಡು ಕೆಂಪು ದಾಳ ಮೇಜಿನ ಮೇಲೆ ನಿಂತವು, ಮೊತ್ತ ಏಳು. ಬಿಳಿಯದು ಬೇವಿನ ಬಟ್ಟಲಿಗೆ ತಾಗಿ, ಅಂಚಿನಿಂದ ಜಿಗಿದು, ಸೋಫಾದ ಕೆಳಗೆ ಹೋಯಿತು. ಮತ್ತೆ ಎಸೆಯಬೇಕು ಎಂದು ನಾನು, ಬಿದ್ದದ್ದು ಬಿದ್ದಂತೆ ಎಂದು ಅವರು. ದಂತವೈದ್ಯರು ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿ, ಮೊಬೈಲಿನ ಬೆಳಕು ಹಿಡಿದು, ದವಡೆಯ ಹಿಂದಿನ ಹಲ್ಲು ಹುಡುಕುವವರ ಹಾಗೆ ತಲೆ ಒಳಗೆ ತೂರಿಸಿದರು.

“ಮೂರೋ ನಾಲ್ಕೋ?” ಎಂದೆ. ಮೂರಾದರೆ ಡೆ ಲಾ ಕ್ರೂಸ್, ನಾಲ್ಕಾದರೆ ಕೋಲ್.

“ಕಾರ್ಪೆಟ್ ಮಡಿಕೆಗೆ ಒರಗಿ ಓರೆಯಾಗಿ ನಿಂತಿದೆ,” ಒಳಗಿನಿಂದ ದನಿ ಬಂತು. “ಯಾರೂ ಅಲ್ಲಾಡಬೇಡಿ.”