ದೀಪದ ಕಂಬದಿಂದ ಬೀಟ್ ಪುಸ್ತಕಕ್ಕೆ ಎರಡೇ ಮಾರು

ಚಿಕ್ಕಮ್ಮನ ಸರ ಹೋದದ್ದು ಸಂಜೆ ಏಳೂಕಾಲಿಗೆ. ದೇವಸ್ಥಾನದಿಂದ ಮನೆಗೆ ಬರುತ್ತಿದ್ದರು. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿ. ಬೈಕಿನಲ್ಲಿ ಇಬ್ಬರು ಬಂದರು, ಕೂಗುವಷ್ಟರಲ್ಲಿ ಹೋದರು. ವಿಡಿಯೋ ಕಾಲ್‌ನಲ್ಲಿ ಕತ್ತಿನ ಗಾಯ ತೋರಿಸಿ, "ತಾಳಿ ಉಳೀತು ಕಣಪ್ಪಾ, ಅರಿಶಿನದ ದಾರದಲ್ಲಿತ್ತು" ಎಂದರು. ನಾನು ಲಂಡನ್ನಿನಲ್ಲಿ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದೆ. ಏನು ಹೇಳಬೇಕೋ ತಿಳಿಯಲಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರು. ಹೆಸರು ಬರೆಯುವುದಿಲ್ಲ. ಯಾರನ್ನೋ ಸಿಕ್ಕಿಸಲು ಇದನ್ನು ಬರೆಯುತ್ತಿಲ್ಲ. ಹೆಸರು ತೆಗೆದು ಬೇರೆ ಯಾವ ಊರಿನ ಹೆಸರು ಹಾಕಿದರೂ ಈ ಕಥೆ ಹೊಂದುತ್ತದೆ ಅನ್ನುವುದೇ ನನ್ನ ಸಂಕಟ.

ಮುಂದಿನ ತಿಂಗಳು ಊರಿಗೆ ಹೋದೆ. ರಾತ್ರಿ ಹನ್ನೊಂದರ ಹೊತ್ತಿಗೆ ತಮ್ಮನ ಜೊತೆ ಅದೇ ಗಲ್ಲಿಯಲ್ಲಿ ನಡೆದು ಬರುತ್ತಿದ್ದೆ. ಒಂದು ಕಡೆ ಖಾಲಿ ಸೈಟು, ಸೊಂಟದೆತ್ತರ ಪಾರ್ಥೇನಿಯಂ, ಅದರ ಹಿಂದೆ ಬಳ್ಳಾರಿ ಜಾಲಿ. ಇನ್ನೊಂದು ಕಡೆ ದೀಪ ಇಲ್ಲದ ಕಂಬ. ಬೀಟ್ ಪೊಲೀಸ್ ಬೈಕ್ ನಿಲ್ಲಿಸಿ, ಗೋಡೆಗೆ ಹೊಡೆದಿದ್ದ ಡಬ್ಬಿಯಿಂದ ಬೀಟ್ ಪುಸ್ತಕ ತೆಗೆದರು. ಬೆಳಕಿಲ್ಲ. ಮೊಬೈಲ್ ಟಾರ್ಚ್ ಹಚ್ಚಿ ಫೋನನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಪೆನ್ನು, ಟೈಮ್ ಬರೆದು ಸಹಿ ಹಾಕಿದರು. ಕಂಬಕ್ಕೂ ಆ ಡಬ್ಬಿಗೂ ಎರಡೇ ಮಾರು.

"ಸಾರ್, ಈ ಲೈಟು ಹೋಗಿ ಎಷ್ಟು ದಿನ ಆಯ್ತು?" ಎಂದು ಕೇಳಿದೆ.

"ಯುಗಾದಿ ಟೈಮಲ್ಲೇ ಹೋಗಿದ್ದು. ದಿನಾ ನೋಡ್ತೀನಿ. ಯಾರಿಗೆ ಹೇಳ್ಲಿ ಸಾರ್, ಲೈಟು ನಮ್ಮ ಡಿಪಾರ್ಟ್‌ಮೆಂಟ್‌ದಲ್ಲ."

ಬೆಳಿಗ್ಗೆ ಪುರಸಭೆಗೆ ಹೋದೆ. ಅಲ್ಲಿನವರು ರಿಜಿಸ್ಟರ್ ತೆಗೆದು ಬೆರಳಿಟ್ಟು ಹುಡುಕಿದರು. ಆ ಗಲ್ಲಿಯಿಂದ ದೂರೇ ಬಂದಿಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಪೊಲೀಸರೂ ಸುಳ್ಳು ಹೇಳಲಿಲ್ಲ. ದಿನಾ ನೋಡುವವರಿಗೆ ಸರಿ ಮಾಡುವ ಅಧಿಕಾರ ಇಲ್ಲ. ಸರಿ ಮಾಡುವವರು ರಾತ್ರಿ ಆ ಕಡೆ ಬರುವುದಿಲ್ಲ. ನಡುವೆ ಸಿಕ್ಕಿಕೊಂಡವರು ನನ್ನ ಚಿಕ್ಕಮ್ಮ.

ನಾನು ಲಂಡನ್ನಿನ ಪಶ್ಚಿಮ ಭಾಗದಲ್ಲಿದ್ದೇನೆ. ಇಲ್ಲಿ ಮೊದಲ ಸಲ ವಾರ್ಡ್ ಸಭೆಗೆ ಹೋದದ್ದು ಪಕ್ಕದ ಮನೆಯ ಅಜ್ಜಿ ಕರೆದರೆಂದು. ಲೈಬ್ರರಿಯ ಒಂದು ರೂಮು, ಹದಿನೈದು ಕುರ್ಚಿ, ಚಹಾ, ಬಿಸ್ಕತ್ತು. ನಮ್ಮ ವಾರ್ಡಿನ ಪೊಲೀಸರು ಬಂದಿದ್ದರು. ಪಕ್ಕದ ಕುರ್ಚಿಯಲ್ಲೇ ಕೌನ್ಸಿಲ್ಲಿನವರೂ ಕೂತಿದ್ದರು. ಕೌನ್ಸಿಲ್ ಅಂದರೆ ಇಲ್ಲಿನ ಪುರಸಭೆ ಎಂದುಕೊಳ್ಳಿ. ಮನೆಗಳ ಹಿಂದಿನ ಓಣಿಯಲ್ಲಿ ಗಾಂಜಾ ಮಾರುತ್ತಾರೆ, ಸಂಜೆ ಮೇಲೆ ಓಡಾಡಲು ಭಯ ಎಂದು ಅಜ್ಜಿ ಹೇಳಿದರು. ಎಷ್ಟು ಹೊತ್ತಿಗೆ, ಯಾವ ತಿರುವಿನಲ್ಲಿ ಎಂದು ಪೊಲೀಸರು ಕೇಳಿ ಬರೆದುಕೊಂಡರು. ಆಮೇಲೆ ಕೌನ್ಸಿಲ್ಲಿನ ಹೆಂಗಸು, ಅಲ್ಲಿನ ಬೇಲಿ ಗಿಡ ನಮ್ಮದೇ, ಕತ್ತರಿಸುತ್ತೇವೆ, ದೀಪವನ್ನೂ ನೋಡುತ್ತೇವೆ ಎಂದು ತಾನೂ ಬರೆದುಕೊಂಡಳು. ಮುಂದಿನ ಸಭೆ ಶುರುವಾದದ್ದೇ ಆ ಹಾಳೆ ಓದುವುದರಿಂದ. ಗಿಡ ಕತ್ತರಿಸಿದೆ. ದೀಪ ಇನ್ನೂ ಆಗಿಲ್ಲ, ಕಾರಣ ಇಂಥದ್ದು. ಆಗದಿರುವುದನ್ನೂ ಎಲ್ಲರ ಮುಂದೆ ಓದಿ ಹೇಳಿದರಲ್ಲ, ಅದು ನನ್ನ ಮನಸ್ಸಿನಲ್ಲಿ ಉಳಿಯಿತು.

ಇಲ್ಲಿನ ಜನ ಹೆಚ್ಚು ಒಳ್ಳೆಯವರು ಅಂತಲ್ಲ. ಹಾಗೆ ಕೂರಲೇಬೇಕು ಎಂದು ಕಾನೂನಿದೆ. 1991ರಲ್ಲಿ ಮಾರ್ಗನ್ ವರದಿ ಎಂಬುದು ಬಂತು. ಅಪರಾಧ ತಡೆಯುವುದು ಪೊಲೀಸರೊಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಸ್ಥಳೀಯ ಆಡಳಿತಕ್ಕೂ ಅದರಲ್ಲಿ ಹೊಣೆ ಇರಬೇಕು ಎಂಬುದು ಅದರ ತಿರುಳು. 1998ರ ಅಪರಾಧ ಮತ್ತು ಅಶಾಂತಿ ಕಾಯಿದೆ ಅದನ್ನು ಕಡ್ಡಾಯ ಮಾಡಿತು. ಪೊಲೀಸ್, ಕೌನ್ಸಿಲ್, ಅಗ್ನಿಶಾಮಕ ದಳ, ಆರೋಗ್ಯ ಇಲಾಖೆ, ಶಿಕ್ಷೆಯಾಗಿ ಜೈಲಿನ ಹೊರಗಿರುವವರ ಮೇಲೆ ಕಣ್ಣಿಡುವ ಪ್ರೊಬೇಷನ್ ಇಲಾಖೆ ಈಗ ಒಂದೇ ಮೇಜಿನ ಸುತ್ತ ಕೂತು ತಮ್ಮ ಊರಿಗೆ ಯೋಜನೆ ಮಾಡಬೇಕು. ಅದೇ ಕಾಯಿದೆಯ 17ನೇ ಸೆಕ್ಷನ್ ನನಗೆ ತುಂಬ ಹಿಡಿಸಿದ್ದು. ಕೌನ್ಸಿಲ್ ಯಾವ ಕೆಲಸ ಮಾಡಿದರೂ, ಪಾರ್ಕ್ ಮಾಡಲಿ, ದೀಪ ಹಾಕಲಿ, ಅಂಗಡಿಗೆ ಲೈಸೆನ್ಸ್ ಕೊಡಲಿ, ಇದರಿಂದ ಅಪರಾಧ ಹೆಚ್ಚುತ್ತದೋ ಕಡಿಮೆಯಾಗುತ್ತದೋ ಎಂದು ಯೋಚಿಸಲೇಬೇಕು. ಅಂದರೆ "ದೀಪ ನಮ್ಮದು, ಕಳ್ಳ ನಿಮ್ಮವನು" ಎನ್ನುವ ಮಾತಿಗೆ ಜಾಗವೇ ಇಲ್ಲ.

ಇಲ್ಲಿ ಎಲ್ಲ ಸರಿಯಿದೆ ಎಂದು ಹೇಳಲಾರೆ. 2010ರ ನಂತರ ಖರ್ಚು ಕಡಿತ ಮಾಡಿದಾಗ ಇಂಗ್ಲೆಂಡ್, ವೇಲ್ಸ್‌ನಲ್ಲಿ ಸುಮಾರು 20 ಸಾವಿರ ಪೊಲೀಸ್ ಹುದ್ದೆ ಹೋದವು. ಠಾಣೆಗಳು ಮುಚ್ಚಿದವು. ಫೋನ್ ಕಳುವಾದರೆ ದೂರಿಗೊಂದು ನಂಬರ್ ಕೊಟ್ಟು ಕಳಿಸುತ್ತಾರೆ, ಅಷ್ಟೇ. ನಮ್ಮೂರಲ್ಲಿ ಚಿಕ್ಕಮ್ಮ ಕೂಗಿದಾಗ ನಾಲ್ಕು ಮನೆಯವರು ಓಡಿ ಬಂದರು. ಇಲ್ಲಿ ಅಷ್ಟು ಜನ ಬಾಗಿಲು ತೆಗೆಯುತ್ತಾರೋ ಇಲ್ಲವೋ. ನಮ್ಮಲ್ಲಿ ಇರುವುದು ಸಣ್ಣದಲ್ಲ.

ಕಾನೂನಿನ ಪ್ರಕಾರವೂ ನಮ್ಮಲ್ಲಿ ಜಾಸ್ತಿ ಕೊರತೆ ಇಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯಿದೆಯಲ್ಲಿ ಬೀದಿ ದೀಪ ಪುರಸಭೆಯ ಕಡ್ಡಾಯ ಕೆಲಸ. ಪೊಲೀಸರಲ್ಲಿ ಬೀಟ್ ವ್ಯವಸ್ಥೆ ಇದೆ. 2025ರ ಜುಲೈನಲ್ಲಿ ರಾಜ್ಯ ಸರ್ಕಾರ 'ಮನೆ ಮನೆಗೆ ಪೊಲೀಸ್' ಶುರು ಮಾಡಿತು. ಪೊಲೀಸರೇ ಮನೆ ಬಾಗಿಲಿಗೆ ಬಂದು ತೊಂದರೆ ಏನೆಂದು ಕೇಳುವ ಯೋಜನೆ. ಅದನ್ನು ಶುರು ಮಾಡಿದ ಗೃಹ ಮಂತ್ರಿ ಜಿ. ಪರಮೇಶ್ವರ ನಮ್ಮ ಜಿಲ್ಲೆಯ ಕೊರಟಗೆರೆಯಿಂದಲೇ ಆರಿಸಿ ಬಂದವರು. ನನಗೆ ಖುಷಿಯಾಯಿತು. ಆದರೆ ಬಾಗಿಲಿಗೆ ಬಂದ ಪೊಲೀಸರಿಗೆ ಚಿಕ್ಕಮ್ಮ ಏನು ಹೇಳುತ್ತಾರೆ? ಲೈಟಿಲ್ಲ, ಗಿಡ ಬೆಳೆದಿದೆ ಎನ್ನುತ್ತಾರೆ. ಆ ಮಾತು ಠಾಣೆಯಿಂದ ಪುರಸಭೆಗೆ ಹೋಗುವ ದಾರಿ ಯಾವುದು? ಪೊಲೀಸರು ಎಸ್‌ಪಿಗೆ ಉತ್ತರ ಕೊಡಬೇಕು. ಪುರಸಭೆಯ ಮುಖ್ಯಾಧಿಕಾರಿಗೆ ಮೇಲಿನವರೇ ಬೇರೆ. ಊರಲ್ಲಿ ಎರಡು ಆಫೀಸಿಗೂ ನಡುವೆ ನಡೆದರೆ ಐದು ನಿಮಿಷ, ಕಾಗದಕ್ಕೆ ಮಾತ್ರ ಆ ದಾರಿ ಇಲ್ಲ.

ಇಂಗ್ಲೆಂಡಿನ ಮಾತೇ ಬೇಡ ಎಂದರೆ ಪಕ್ಕದ ಕೇರಳ ನೋಡಿ. ಅಲ್ಲಿ 2008ರಿಂದ ಜನಮೈತ್ರಿ ಸುರಕ್ಷಾ ಯೋಜನೆ ಇದೆ. ಬೀಟಿನವರು ಮನೆಮನೆಗೆ ಹೋಗುತ್ತಾರೆ, ಠಾಣೆ ಮಟ್ಟದಲ್ಲಿ ಜನರೂ ಇರುವ ಸುರಕ್ಷಾ ಸಮಿತಿ ಇದೆ.

ಅದಕ್ಕಿಂತ ಹತ್ತಿರದ ಉದಾಹರಣೆ ನಮ್ಮೂರಲ್ಲೇ ಇದೆ. ಗಣೇಶನ ಹಬ್ಬಕ್ಕೆ, ರಂಜಾನ್‌ಗೆ ಮುಂಚೆ ಶಾಂತಿ ಸಭೆ ಮಾಡುತ್ತಾರಲ್ವಾ? ಚಿಕ್ಕವನಿದ್ದಾಗ ತಾತನ ಕೈ ಹಿಡಿದು ಹೋಗಿದ್ದೇನೆ. ತಹಶೀಲ್ದಾರರು, ಇನ್‌ಸ್ಪೆಕ್ಟರ್, ಪುರಸಭೆಯವರು, ಕರೆಂಟಿನವರು, ಮಸೀದಿ ಕಮಿಟಿಯವರು, ದೇವಸ್ಥಾನದವರು ಎಲ್ಲ ಒಂದೇ ಶಾಮಿಯಾನದ ಕೆಳಗೆ. ಮೆರವಣಿಗೆ ದಾರಿಯಲ್ಲಿ ವೈರು ತಗ್ಗಿದೆ ಎಂದು ಯಾರೋ ಹೇಳಿದರೆ ಎಂಜಿನಿಯರ್ ಅಲ್ಲೇ ಎದ್ದು, ನಾಳೆ ಎತ್ತಿಸ್ತೀವಿ ಎನ್ನುತ್ತಿದ್ದರು. ಎತ್ತಿಸುತ್ತಲೂ ಇದ್ದರು. ಗುಂಡಿ ಮುಚ್ಚುತ್ತಿತ್ತು, ದೀಪ ಉರಿಯುತ್ತಿತ್ತು. ಒಟ್ಟಿಗೆ ಕೂತು ಕೆಲಸ ಮಾಡುವುದು ನಮಗೆ ಚೆನ್ನಾಗಿ ಗೊತ್ತು. ಮೆರವಣಿಗೆ ಹೋಗುವ ದಾರಿಗೆ ಸಿಗುವ ಆ ಗಮನ, ರಾತ್ರಿ ಎಂಟಕ್ಕೆ ವಸಂತನರಸಾಪುರದ ಫ್ಯಾಕ್ಟರಿ ವ್ಯಾನಿನಿಂದ ಇಳಿದು ಒಬ್ಬಳೇ ಮನೆಗೆ ನಡೆಯುವ ಹುಡುಗಿಯ ದಾರಿಗೂ ಸಿಗಬೇಕು. ನಾನು ಕೇಳುತ್ತಿರುವುದು ಇಷ್ಟೇ.

ತಿಂಗಳಿಗೊಂದು ಸಂಜೆ ಸಾಕು. ಬೀಟ್ ಪೊಲೀಸ್, ವಾರ್ಡ್ ಸದಸ್ಯರು, ಪುರಸಭೆಯ ದೀಪ ಮತ್ತು ಕಸದ ವಿಭಾಗದವರು, ಬೆಸ್ಕಾಂನ ಒಬ್ಬರು. ಒಂದು ಹಾಳೆ. ಹೋದ ತಿಂಗಳು ಬರೆದದ್ದು ಏನಾಯಿತು ಎಂದು ಮೊದಲು ಓದಬೇಕು. ಆಮೇಲೆ ಪೌರಕಾರ್ಮಿಕರನ್ನು ಕರೆಯಲೇಬೇಕು, ಕುರ್ಚಿ ಹಾಕಿ ಕೂರಿಸಬೇಕು. ಬೆಳಗಿನ ಜಾವ ಊರು ಗುಡಿಸುವವರು ಅವರು. ಯಾವ ಮೂಲೆಯಲ್ಲಿ ರಾತ್ರಿ ಬಾಟಲಿ ಒಡೆದಿದೆ, ಯಾವ ಪಾಳು ಶೆಡ್ಡಿನಲ್ಲಿ ಸಿರಿಂಜು ಬಿದ್ದಿದೆ ಎಂದು ಎಲ್ಲರಿಗಿಂತ ಮೊದಲು ಕಾಣುವುದು ಅವರಿಗೆ. ಯಾರೂ ಅವರನ್ನು ಕೇಳಿಲ್ಲ.

ಒಂದು ಭಯವೂ ನನಗಿದೆ. ಇಂಥ ಸಭೆ ಸುಮ್ನೆ ಬಡವರ ಕಾಲೋನಿಯ ಹುಡುಗರ ಮೇಲೆ, ಬಿಹಾರ ಒಡಿಶಾದಿಂದ ಕೆಲಸಕ್ಕೆ ಬಂದವರ ಮೇಲೆ ಅನುಮಾನ ಪಡುವ ಜಾಗ ಆಗಬಾರದು. ಲಂಡನ್ನಿನಲ್ಲೂ ಕಪ್ಪು ಹುಡುಗರನ್ನೇ ಹೆಚ್ಚು ತಡೆದು ಜೇಬು ನೋಡುತ್ತಾರೆ, ಅದರಿಂದ ಪೊಲೀಸರ ಮೇಲಿನ ನಂಬಿಕೆ ಹೋಗಿದೆ. ಹಾಳೆಯಲ್ಲಿ ಬರೆಯಬೇಕಾದ್ದು ಜಾಗ, ಹೊತ್ತು, ಕಂಬ, ಗಿಡ. ಜನರ ಜಾತಿ, ಊರು ಅಲ್ಲ. ಕಾಲೋನಿಯವರೂ ಆ ಸಭೆಯಲ್ಲಿ ಕೂತಿದ್ದರೆ ಇದು ತಾನಾಗಿ ಸರಿಹೋಗುತ್ತದೆ.

ಈ ಸಲ ಗೌರಿ ಹಬ್ಬಕ್ಕೆ ಹತ್ತು ದಿನ ಮೊದಲೇ ಊರಿಗೆ ಹೋಗುತ್ತಿದ್ದೇನೆ. ಚಿಕ್ಕಮ್ಮ ಅಕ್ಕಪಕ್ಕದ ಹೆಂಗಸರನ್ನು ಕರೆದುಕೊಂಡು ಎರಡು ಸಂಜೆ ಓಣಿಗಳನ್ನು ಸುತ್ತಿದ್ದಾರೆ. ಉರಿಯದ ಕಂಬಗಳು ಏಳು. ಯಾವ ಕಂಬ ಯಾರ ಮನೆ ಎದುರಿಗಿದೆ ಎಂದು ನೋಟ್ ಬುಕ್ಕಿನ ಹಾಳೆಯಲ್ಲಿ ಬರೆದು ಫೋಟೋ ಕಳಿಸಿದ್ದಾರೆ. ಶಾಂತಿ ಸಭೆಯಲ್ಲಿ ಆ ಹಾಳೆಯನ್ನು ತಾವೇ ಎದ್ದು ಓದುತ್ತಾರಂತೆ.